ಕಾಣದ ಪ್ರಾಣಿಯ ಗಣನೆ

ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವ ಕುಮಾರಧಾರೆಯು ಕುಮಾರಪರ್ವತದ ಕಡೆಯಿಂದ ಇಳಿದುಬರುವ ನದಿ. ಆ ಪರ್ವತದ ಎತ್ತರ ಸಮುದ್ರಮಟ್ಟದಿಂದ 1712 ಮೀಟರು. ಮಂಗೋಲಿಯ ದೇಶದ ದಕ್ಷಿಣ ಗೋಬಿಯಲ್ಲಿರುವ ಟೋಸ್ಟ್ ಎಂಬ ಬೆಟ್ಟಸಾಲಿನ ಎತ್ತರವೂ ಹೆಚ್ಚುಕಡಿಮೆ ಇದೇ ಪ್ರಮಾಣದ್ದು. 1600ರಿಂದ 2400 ಮೀಟರುಗಳವರೆಗೆ. ಆದರೆ ಸಾಮ್ಯವು ಅಲ್ಲಿಗೇ ಮುಗಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬಿದ್ದರೆ, ಅಲ್ಲಿ ಬೀಳುವುದು 130 ಮಿಲಿಮೀಟರಿಗಿಂತಲೂ ಕಡಿಮೆ. ಕಾಡೆಂಬುದಿಲ್ಲ, ಬರಿಯ ಬಂಡೆ, ಜಲ್ಲಿ, ಅಲ್ಲಲ್ಲಿ ಒಣಹುಲ್ಲು. ಚಳಿಗಾಲದಲ್ಲಿ ಉಷ್ಣತೆಯು ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವುದುಂಟು. ಹಿಮಚಿರತೆಯ ಬಿಡಾರವಿದು.

ಇಲ್ಲಿ 2008ರಿಂದ ಈ ಪ್ರಾಣಿಯ ಕುರಿತು ದೀರ್ಘಕಾಲದ ಅಧ್ಯಯನವೊಂದು ನಡೆದುಬಂದಿದೆ. ಮಂಗೋಲಿಯ, ಸ್ವೀಡನ್ ಮೊದಲಾದ ದೇಶಗಳ ಸಂಶೋಧಕರೊಡನೆ, ಮೈಸೂರಿನಲ್ಲಿ 1996ರಲ್ಲಿ ಸ್ಥಾಪಿತವಾದ ನೇಚರ್ ಕನ್ಸರ್ವೇಶನ್ ಫೌಂಡೇಷನ್ನಿನ ಚಾರುದತ್ತ ಮಿಶ್ರ ಮುಂತಾದವರೂ ಇದರಲ್ಲಿ ಭಾಗಿಗಳು. ಇಂಥ ಸಂಶೋಧಕನ ದಿನಚರಿಯು ಹೇಗಿರುತ್ತದೆ? ಚಲನಚಿತ್ರಗಳನ್ನು ನೋಡಿದ ವಿದ್ಯಾರ್ಥಿಗಳು, ಅವನು ದಿನವೂ ಬಂಡೆಯ ಮರೆಯಲ್ಲಿ ಕುಳಿತು ಚಿರತೆಯ ಬೇಟೆಯನ್ನು ನೋಡುತ್ತಿರುವನೆಂದು ಭಾವಿಸಬಹುದು. ವಾಸ್ತವವಾಗಿ ಅವನು ಬೆಟ್ಟದಲ್ಲಿ ವಾರಗಟ್ಟಲೆ ಅಲೆದರೂ ಅದನ್ನು ಕಣ್ಣಾರೆ ಕಾಣದಿರುವುದೇ ಹೆಚ್ಚು. ಅವನ ದಿನವೆಲ್ಲ ಅಳತೆಯಲ್ಲಿ ಕಳೆಯುತ್ತದೆ.

ಬೆಳಗ್ಗೆ ಉಣ್ಣೆಯ ಕಂಬಳಿ ಹೊದಿಸಿದ ಗುಂಡನೆಯ ಗುಡಾರದಲ್ಲಿ ಒಲೆ ಹೊತ್ತಿಸುವುದರಿಂದ ಕೆಲಸದ ಆರಂಭ. ಈ ಗುಡಾರಕ್ಕೆ ಅಲ್ಲಿಯವರು ‘ಗೆರ್’ ಎನ್ನುತ್ತಾರೆ. ಸೌದೆ ದುರ್ಲಭವಾದ ಆ ನಾಡಿನಲ್ಲಿ ಒಣಗಿದ ಸಗಣಿಯೂ ಉರುವಲು. 2000 ಮೀಟರು ಎತ್ತರದಲ್ಲಿ ವಾಯುವಿನ ಒತ್ತಡ ಕಡಿಮೆಯಾದುದರಿಂದ ನೀರು ಸುಮಾರು 93 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ನಮ್ಮ ಕುಚ್ಚಲಕ್ಕಿಯನ್ನು ಅಲ್ಲಿ ಬೇಯಿಸಹೊರಟವರು ಬಹಳ ಹೊತ್ತು ಕಾಯಬೇಕಾದೀತು!

ಬಳಿಕ ನಡಿಗೆ. ಚಿರತೆಯು ಓಡಾಡುವ ದಿಣ್ಣೆಗಳಲ್ಲಿ, ಅದು ತನ್ನ ಗುರುತಿನ ವಾಸನೆ ಸಿಂಪಡಿಸುವ ಬಂಡೆಗಳ ಬಳಿಯಲ್ಲಿ, ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಇಟ್ಟಿರುತ್ತಾರೆ. ಪ್ರತಿಯೊಂದು ಬೆಚ್ಚನೆಯ ದೇಹವೂ ಸುಮಾರು 10 ಮೈಕ್ರೋಮೀಟರು ತರಂಗಾಂತರದ ಅವಕೆಂಪು ಕಿರಣಗಳನ್ನು ಸೂಸುತ್ತದೆ. ಕ್ಯಾಮೆರಾದ ಮುಂದೆ ಇಂಥ ಕಿರಣಗಳ ಪ್ರಮಾಣವು ಥಟ್ಟನೆ ಬದಲಾದಾಗ ಚಿತ್ರ ಮೂಡುತ್ತದೆ. ಬೇಕಾದುದು ಬದಲಾವಣೆ, ಬೇಸಗೆಯ ಮಧ್ಯಾಹ್ನ ಬಂಡೆಯೂ ಪ್ರಾಣಿಯ ಮೈಯಷ್ಟೇ ಕಾದಿದ್ದರೆ ಯಂತ್ರಕ್ಕೆ ಪ್ರಾಣಿಯು ಗೋಚರಿಸದೆ ಹೋಗಬಹುದು. ಚಳಿಗಾಲದಲ್ಲಿ ತೊಂದರೆಯೇ ಬೇರೆ: ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಯು ನಿಧಾನಗೊಂಡು, ತುಂಬಿದ ಬ್ಯಾಟರಿಯೂ ಬರಿದಾದಂತೆ ವರ್ತಿಸುತ್ತದೆ. ಆದುದರಿಂದ ಒಂದೊಂದು ಕ್ಯಾಮೆರಾದ ಬಳಿಗೂ ಹತ್ತಿ ಹೋಗಿ ಪರೀಕ್ಷಿಸದೆ ವಿಧಿಯಿಲ್ಲ.

ಕೆಲವು ಚಿರತೆಗಳ ಕೊರಳಿಗೆ ಉಪಗ್ರಹಗಳ ನೆರವಿನಿಂದ ಸ್ಥಾನವನ್ನು ತಿಳಿಸುವ ಪಟ್ಟಿ ತೊಡಿಸಿದ್ದಾರೆ. ಅದಕ್ಕಾಗಿ ಕಾಲಿಗೆ ಗಾಯವಾಗದಂಥ ಉರುಳನ್ನು ಒಡ್ಡಿ, ಅದಕ್ಕೊಂದು ರೇಡಿಯೋ ಪ್ರೇಷಕವನ್ನು ಜೋಡಿಸಿರುತ್ತಾರೆ. ಉರುಳು ಎಳೆಯಲ್ಪಟ್ಟೊಡನೆ ಸಂಕೇತದ ಲಯ ಬದಲಾಗುತ್ತದೆ. ನಡುರಾತ್ರಿಯಾದರೂ ಸರಿ, ಕೂಡಲೇ ಹೊರಟು ಪ್ರಾಣಿಗೆ ಮಂಪರಿನ ಔಷಧ ಕೊಟ್ಟು ಪಟ್ಟಿ ಕಟ್ಟಬೇಕು. ತಡಮಾಡಿದರೆ ಪ್ರಾಣಿಗೆ ಅಪಾಯ. ಪಟ್ಟಿಯ ಸ್ಥಾನಸೂಚನೆಯು ಒಂದೇ ಕಡೆ ಬಹು ಹೊತ್ತು ನಿಂತರೆ, ಚಿರತೆಯು ಅಲ್ಲಿ ಬೇಟೆಯಾಡಿರಬಹುದೆಂದು ಊಹೆ. ಅದು ಅಲ್ಲಿಂದ ಸರಿದ ಮೇಲೆ ಸಂಶೋಧಕರು ಹೋಗಿ ಕೊಂಬು, ಎಲುಬು, ಕೂದಲುಗಳನ್ನು ಹುಡುಕುತ್ತಾರೆ.

ಇನ್ನು ಗಣನೆಯ ವಿಚಾರ. ಹಿಮಚಿರತೆಯ ಮುಖ್ಯ ಆಹಾರವಾದ ಐಬೆಕ್ಸ್ ಎಂಬ ಕಾಡುಮೇಕೆಗಳನ್ನು ಎಣಿಸುವ ರೀತಿಯನ್ನು ಮೊದಲು ನೋಡೋಣ. ಇಬ್ಬರು ವೀಕ್ಷಕರು ಒಂದೇ ದಾರಿಯಲ್ಲಿ ತುಸು ಅಂತರದಿಂದ ನಡೆಯುತ್ತಾ, ಪರಸ್ಪರ ಏನನ್ನೂ ಹೇಳದೆ, ಕಂಡ ಹಿಂಡುಗಳನ್ನು ಬರೆದುಕೊಳ್ಳುತ್ತಾರೆ. ಮೊದಲನೆಯವನು 40 ಹಿಂಡುಗಳನ್ನೂ ಎರಡನೆಯವನು 35 ಹಿಂಡುಗಳನ್ನೂ ಕಂಡರೆನ್ನೋಣ. ತಾಳೆನೋಡಿದಾಗ 28 ಹಿಂಡುಗಳು ಇಬ್ಬರ ಪಟ್ಟಿಯಲ್ಲಿಯೂ ಇವೆ. ಎಂದರೆ, ಎರಡನೆಯವನು ಕಂಡ 35ರಲ್ಲಿ 28ನ್ನು, ಅಂದರೆ ಐದರಲ್ಲಿ ನಾಲ್ಕು ಪಾಲನ್ನು, ಮೊದಲನೆಯವನೂ ಕಂಡಿದ್ದಾನೆ. ಅವನ ಕಣ್ಣಿನ ಸಾಮರ್ಥ್ಯ ಅಷ್ಟೆಂದಾದರೆ, ಅವನು ಕಂಡ 40 ಹಿಂಡುಗಳು ಒಟ್ಟು ಹಿಂಡುಗಳ ಐದರಲ್ಲಿ ನಾಲ್ಕು ಪಾಲು. ಒಟ್ಟು 50. ಯಾರೂ ಕಾಣದ ಮೂರು ಹಿಂಡುಗಳೂ ಹೀಗೆ ಲೆಕ್ಕಕ್ಕೆ ಬಂದವು!

ಚಿರತೆಗಳಿಗೂ ಇದೇ ತತ್ತ್ವ. ಇಲ್ಲಿ ಇಬ್ಬರು ವೀಕ್ಷಕರ ಬದಲು ಎರಡು ಸಲದ ಚಿತ್ರಗಳು. ಹುಲಿಯ ಪಟ್ಟೆಗಳಿಂದ ಒಂದೊಂದನ್ನೂ ಬೇರೆಬೇರೆಯಾಗಿ ಗುರುತಿಸಿ, ಕ್ಯಾಮೆರಾ ಚಿತ್ರಗಳಿಂದ ಅವುಗಳ ಸಂಖ್ಯೆಯನ್ನು ಅಂದಾಜುಮಾಡುವ ವಿಧಾನವನ್ನು ನಾಗರಹೊಳೆಯಲ್ಲಿ ಪ್ರಯೋಗಿಸಿ 1995ರಲ್ಲಿ ಪ್ರಕಟಿಸಿದವರು ನಮ್ಮ ನೆರೆಯ ಪುತ್ತೂರಿನ ಡಾ. ಉಲ್ಲಾಸ ಕಾರಂತರು. ಅವರು ಮೊದಲು ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿದವರೆಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು. ಹಿಮಚಿರತೆಯಲ್ಲಿ ಪಟ್ಟೆಗಳ ಸ್ಥಾನದಲ್ಲಿ ಮೈಮೇಲಿನ ಹೂವಿನಾಕಾರದ ಮಚ್ಚೆಗಳು.

ತೊಡಕು ಇರುವುದು ಈ ಗುರುತಿಸುವಿಕೆಯಲ್ಲಿಯೇ. ಮೊದಲ ಸಲ 10 ಚಿರತೆಗಳು, ಎರಡನೆಯ ಸಲ 9, ಎರಡೂ ಸಲ ಕಂಡವು 6 ಎಂದಿರಲಿ. 10ನ್ನು 9ರಿಂದ ಗುಣಿಸಿ 6ರಿಂದ ಭಾಗಿಸಿದರೆ 15. ಈಗ, ಎರಡೂ ಸಲ ಬಂದ ಒಂದು ಚಿರತೆಯನ್ನು ಎರಡನೆಯ ಸಲ ಗುರುತುಹಿಡಿಯದೆ ಹೊಸದೆಂದು ಬರೆದುಕೊಂಡರೆ? ಭಾಜಕವು 5 ಆಗಿ, ಉತ್ತರವು 18 ಆಗುತ್ತದೆ. ಒಂದೇ ಚಿತ್ರದ ತಪ್ಪಿನಿಂದ ಬೆಟ್ಟದಲ್ಲಿ ಇಲ್ಲದ ಮೂರು ಚಿರತೆಗಳು ಹುಟ್ಟಿದವು.

ಪ್ರಯೋಗಶಾಲೆಯಲ್ಲಿ ನಾವು ಎರಡು ಬಗೆಯ ದೋಷಗಳನ್ನು ಕಲಿಯುತ್ತೇವೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆಯಾಗುವ ದೋಷವು ಅನೇಕ ವಾಚನಗಳ ಸರಾಸರಿಯಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಸದಾ ಒಂದೇ ದಿಕ್ಕಿಗೆ ಎಳೆಯುವ ದೋಷವು ಸಾವಿರ ವಾಚನ ತೆಗೆದುಕೊಂಡರೂ ಅಳಿಯದು. ಚಿರತೆಯ ಗಣನೆಯಲ್ಲಿ ಯಾವುದು? 2020ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಯೊಹಾನ್ಸನ್, ಮಿಶ್ರ ಮುಂತಾದವರು ಮೃಗಾಲಯಗಳ 16 ಹಿಮಚಿರತೆಗಳ ಚಿತ್ರಗಳನ್ನು 8 ಮಂದಿ ವೀಕ್ಷಕರಿಗೆ ಕೊಟ್ಟರು. ಇಲ್ಲಿ ನಿಜವಾದ ಸಂಖ್ಯೆಯು ಮೊದಲೇ ಗೊತ್ತಿತ್ತೆಂಬುದೇ ಪರೀಕ್ಷೆಯ ಬುದ್ಧಿವಂತಿಕೆ. ಶೇಕಡಾ 12.5ರಷ್ಟು ಸಂದರ್ಭಗಳಲ್ಲಿ ಗುರುತು ತಪ್ಪಿತು. ಒಂದೇ ಪ್ರಾಣಿಯನ್ನು ಎರಡಾಗಿ ಎಣಿಸಿದ್ದೇ ಹೆಚ್ಚಾದುದರಿಂದ, ಅಂದಾಜು ಸಂಖ್ಯೆಯು ಸರಾಸರಿಯಲ್ಲಿ ನಿಜಕ್ಕಿಂತ ಮೂರನೆಯ ಒಂದು ಪಾಲಿನಷ್ಟು ಮೇಲೇರಿತು. ಮೈ ಬಾಗಿದಾಗ ಮಚ್ಚೆಯ ಆಕಾರ ಬದಲಾಗುತ್ತದೆ; ಒಂದು ಚಿತ್ರದಲ್ಲಿ ಎಡಮಗ್ಗುಲು, ಇನ್ನೊಂದರಲ್ಲಿ ಬಲಮಗ್ಗುಲು. ಹೀಗಿರಲು ಕಣ್ಣು ಎಡವುವುದು ಸಹಜ.

ಸಂಖ್ಯೆಯು ಕಾಗದದ ಮೇಲಷ್ಟೇ ಉಳಿಯುವುದಿಲ್ಲ. ಟೋಸ್ಟ್ ಬೆಟ್ಟಗಳಲ್ಲಿ ಗಣಿಗಾರಿಕೆಗೆ ಪರವಾನಗಿಗಳನ್ನು ಕೊಡಲಾಗಿತ್ತು. ಸ್ಥಳೀಯ ಪಶುಪಾಲಕರ ಪ್ರಯತ್ನಕ್ಕೆ ಈ ಅಧ್ಯಯನದ ಆಧಾರವೂ ಸೇರಿ, 2016ರಲ್ಲಿ ಮಂಗೋಲಿಯದ ಸಂಸತ್ತು ಆ ಪ್ರದೇಶವನ್ನು ರಕ್ಷಿತವೆಂದು ಘೋಷಿಸಿತು. ಅದೇ ವರ್ಷ ಪ್ರಕಟವಾದ ಕೊರಳಪಟ್ಟಿಗಳ ವರದಿಯ ಪ್ರಕಾರ ಒಂದು ಗಂಡು ಚಿರತೆಗೆ ಸುಮಾರು 207, ಹೆಣ್ಣಿಗೆ 124 ಚದರ ಕಿಲೋಮೀಟರು ಸಂಚಾರಕ್ಷೇತ್ರ ಬೇಕು. ಹಿಮಚಿರತೆಯ ನಾಡಿನ ರಕ್ಷಿತ ಪ್ರದೇಶಗಳಲ್ಲಿ ಶೇಕಡಾ 40ರಷ್ಟು ಒಂದೇ ಗಂಡಿಗೂ ಸಾಲದಷ್ಟು ಚಿಕ್ಕವು. ಇಂಥಲ್ಲಿ ಇಲ್ಲದ ಚಿರತೆಗಳು ಲೆಕ್ಕದಲ್ಲಿ ಸೇರಿಕೊಂಡರೆ, ಇಳಿಯುತ್ತಿರುವ ಸಂತತಿಯೂ ಕ್ಷೇಮವಾಗಿರುವಂತೆ ತೋರಿ, ಎಚ್ಚರಗೊಳ್ಳುವ ಹೊತ್ತು ಮೀರಬಹುದು.

ಭಾರತದ ಹಿಮಚಿರತೆಗಳ ಮೊದಲ ರಾಷ್ಟ್ರೀಯ ಗಣನೆಯ ಫಲಿತಾಂಶವು 2024ರ ಜನವರಿಯಲ್ಲಿ ಹೊರಬಂದಿತು. 1971 ಸ್ಥಳಗಳಲ್ಲಿ ಇಟ್ಟ ಕ್ಯಾಮೆರಾಗಳಲ್ಲಿ ಸೆರೆಯಾದ ಬೇರೆಬೇರೆ ಚಿರತೆಗಳು 241. ಅಂದಾಜು ಸಂಖ್ಯೆ 718. ಇವೆರಡರ ನಡುವಿನ 477 ಚಿರತೆಗಳನ್ನು ಯಾವ ಕ್ಯಾಮೆರಾವೂ ಕಂಡಿಲ್ಲ.