ಒಂದು ಸ್ಪೇಸ್ ಮಾಡುವ ಎಡವಟ್ಟು

ತಲಪಾಡಿ ದಾಟಿದರೆ ಕಾಸರಗೋಡಿನ ಸರಕಾರಿ ಶಾಲೆಗಳ ಲ್ಯಾಬ್‌ಗಳು ಲಿನಕ್ಸ್‌ನಲ್ಲೇ ನಡೆಯುತ್ತವೆ. ಲಿನಕ್ಸ್ ಲ್ಯಾಬಿನಲ್ಲಿ ಒಂದೇ ಫೋಲ್ಡರನ್ನು ಎಲ್ಲ ಕಂಪ್ಯೂಟರ್‌ಗಳಿಗೆ ಹಂಚಲು ಎನ್‌ಎಫ್‌ಎಸ್ ಇದೆ. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ರೂಪಿಸಿದ ವ್ಯವಸ್ಥೆ ಇದು. ಯಾರು ಒಳಗೆ ಬರಬಹುದು, ಬಂದವರು ಓದಬಹುದೋ ಬರೆಯಬಹುದೋ ಎಂಬುದೆಲ್ಲ ಸರ್ವರ್‌ನ 'ಎಕ್ಸ್‌ಪೋರ್ಟ್ಸ್' ಎಂಬ ಒಂದೇ ಫೈಲಿನಲ್ಲಿ ತೀರ್ಮಾನ. ಒಂದೊಂದೇ ಕಂಪ್ಯೂಟರಿನ ಮುಂದೆ ಹೋಗಿ ಕೂರಬೇಕಿಲ್ಲ.

ಸಾಲಿನಲ್ಲಿ ಮೊದಲು ಫೋಲ್ಡರ್, ನಂತರ ಕಂಪ್ಯೂಟರಿನ ವಿಳಾಸ, ಅದಕ್ಕೆ ಅಂಟಿಕೊಂಡೇ ಆವರಣದೊಳಗೆ ಅನುಮತಿ. 192.168.1.0/24 ಎಂದರೆ ಆ ಜಾಲದ 254 ವಿಳಾಸಗಳು. ಅವಕ್ಕೆ 'ಆರ್‌ಒ', ಅಂದರೆ ಓದಲು ಮಾತ್ರ. ಉಪನ್ಯಾಸಕರ ಕಂಪ್ಯೂಟರಿಗೆ 'ಆರ್‌ಡಬ್ಲ್ಯು', ಓದಿ ಬರೆಯಲು.

ಎಡವುವುದು ಇಲ್ಲೇ. ಉಪನ್ಯಾಸಕರ ವಿಳಾಸಕ್ಕೂ ಆವರಣಕ್ಕೂ ನಡುವೆ ಒಂದು ಸ್ಪೇಸ್ ಬಿದ್ದರೆ ಅವರಿಗೆ ಓದುವ ಅನುಮತಿಯಷ್ಟೇ ಉಳಿಯುತ್ತದೆ. ಬರೆಯುವ ಅನುಮತಿ ಪಟ್ಟಿಯಲ್ಲೇ ಇಲ್ಲದ ಹೊರಗಿನವರ ಪಾಲಾಗುತ್ತದೆ! ಸರ್ವರ್ ಅದನ್ನು ತಪ್ಪೆಂದು ತಡೆಯುವುದೂ ಇಲ್ಲ. ಸಹಪಾಠಿಗಳ ಪ್ರಾಜೆಕ್ಟ್‌ಗಳು ಆ ಫೋಲ್ಡರಿನಲ್ಲಿ ನಾವಿಟ್ಟ ಅಮಾನತ್ ಎಂಬುದು ನೆನಪಿರಲಿ.

ತಿದ್ದಿದ ಮೇಲೆ 'ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ' ಆಜ್ಞೆ ಕೊಡಿ, ಇಲ್ಲದಿದ್ದರೆ ಹಳೆಯ ನಿಯಮವೇ ನಡೆಯುತ್ತದೆ. ಹಾಗೆಯೇ 'ರೂಟ್ ಸ್ಕ್ವಾಶ್' ತಾನಾಗಿಯೇ ಚಾಲೂ ಇರುತ್ತದೆ: ವಿದ್ಯಾರ್ಥಿಯೊಬ್ಬ ತನ್ನ ಕಂಪ್ಯೂಟರಿನಲ್ಲಿ ರೂಟ್ ಆದರೂ ಸರ್ವರ್‌ಗೆ ಅವನು ಸಾಮಾನ್ಯ ಅತಿಥಿ. ಕೆಲಸ ಬೇಗ ಮುಗಿಯಲೆಂದು ಅದನ್ನು ಆಫ್ ಮಾಡುವವರಿದ್ದಾರೆ, ನೀವು ಮಾಡಬೇಡಿ.