ಸಾಕಿದ ಜೀವದ ಅಗಲಿಕೆ

ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಏಳನೆಯ ತರಗತಿಯ ಬಾಲಕನೊಬ್ಬನು ಮೂರು ದಿನ ಪಾಠಕ್ಕೆ ಬರಲಿಲ್ಲ. ಜ್ವರವಿರಬೇಕೆಂದು ನಾವು ಭಾವಿಸಿದ್ದೆವು. ನಾಲ್ಕನೆಯ ದಿನ ಅವನ ತಂದೆಯವರು ಬಂದು, ಬೊಳ್ಳ ಎಂಬ ತಮ್ಮ ಮನೆಯ ನಾಯಿಯು ಲಾರಿಯಡಿಗೆ ಸಿಕ್ಕಿ ಸತ್ತಿತೆಂದೂ, ಅದೇ ಸಂಜೆ ನೆರೆಮನೆಯಿಂದ ಬೇರೊಂದು ಮರಿಯನ್ನು ತಂದುಕೊಟ್ಟರೂ ಹುಡುಗನು ಅದರತ್ತ ಕಣ್ಣೆತ್ತಿ ನೋಡಲಿಲ್ಲವೆಂದೂ ತಿಳಿಸಿದರು. “ಒಂದು ನಾಯಿಗೆ ಇಷ್ಟು ದುಃಖವೇ, ಮಾಸ್ಟ್ರೇ?” ಎಂದು ಕೇಳಿದರು. ಆಗ ನಾವು ಕೊಟ್ಟ ಉತ್ತರವು ನಮಗೇ ಸಮಾಧಾನ ತರಲಿಲ್ಲ. ಆದುದರಿಂದ ಈ ಬರಹ.

ಇಂತಹ ದುಃಖವು ಹೊಸತಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತ ಶಾಸನವೊಂದಿದೆ. ಅದು ಶಕವರ್ಷ 872ರದು, ಎಂದರೆ ಕ್ರಿ. ಶ. 949–50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಗಂಗರ ಬೂತುಗನು, ಬೇಕಾದುದನ್ನು ಕೇಳಿಕೊಳ್ಳುವಂತೆ ಹೇಳಿದನು. ಮಣಲೇರನು ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿಯು ದೊಡ್ಡದೊಂದು ಹಂದಿಯೊಡನೆ ಕಾದಾಡಿತು; ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ದೇವಾಲಯದ ಮುಂದೆ ಕಾಳಿಗಾಗಿ ಕಲ್ಲನ್ನು ನೆಡಿಸಿ, ಭೂಮಿಯನ್ನು ಬಿಟ್ಟು, ಆ ಕಲ್ಲನ್ನು ಪೂಜಿಸದೆ ಅಲ್ಲಿಯ ಗೊರವನು ಉಣಬಾರದೆಂದು ಕಟ್ಟಳೆ ಮಾಡಲಾಯಿತು. ನಾಯಿಯೂ ಹಂದಿಯೂ ಹೋರಾಡುವ ಚಿತ್ರವು ಕಲ್ಲಿನ ಮೇಲೆಯೇ ಇದೆ. ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಯುದ್ಧದಲ್ಲಿ ಹೆಸರು ಪಡೆದವನ ಕಾಲದಲ್ಲಿ ಹೀಗೆ ನಡೆದಿರುವಾಗ, ಹನ್ನೆರಡರ ಬಾಲಕನು ಅತ್ತರೆ ನಾವು ನಗುವುದೇಕೆ?

ಕಾಯಿಲೆಯಿಂದ ಮಲಗಿದ ಪ್ರಾಣಿಯು ಮನೆಯವರ ಮನಸ್ಸನ್ನು ಮೆಲ್ಲಮೆಲ್ಲನೆ ಸಿದ್ಧಪಡಿಸಿ ಹೋಗುತ್ತದೆ. ಹಠಾತ್ತಾದ ಸಾವಿನಲ್ಲಿ ಆ ಅವಕಾಶವಿಲ್ಲ. ಸಂಜೆಯಾದೊಡನೆ ಕೈ ತಾನಾಗಿ ಅನ್ನವನ್ನು ಹಟ್ಟಿಯ ಬಳಿಗೆ ಒಯ್ಯುತ್ತದೆ. ಅಂಗಳದಲ್ಲಿ ತರಗೆಲೆ ಸರಿದರೂ ಅದೇ ಬಂದಂತೆ ತೋರುತ್ತದೆ. ಇದಕ್ಕಿಂತ ಕಠಿನವಾದುದು ತಪ್ಪಿನ ಭಾವನೆ. ನಮ್ಮ ಬಾಲಕನು ಆ ದಿನ ಶಾಲೆಗೆ ಹೊರಡುವಾಗ ಉಣುಗೋಲನ್ನು ಹಾಕಲು ಮರೆತಿದ್ದನಂತೆ. ಅದನ್ನು ಯಾರಿಗೂ ಹೇಳದೆ ಮೂರು ದಿನ ಒಳಗೇ ಇಟ್ಟುಕೊಂಡಿದ್ದನು. ಮರೆವು ಬೇರೆ, ಕೊಲ್ಲುವ ಬುದ್ಧಿ ಬೇರೆ ಎಂದು ಹಿರಿಯರು ಪಕ್ಕದಲ್ಲಿ ಕುಳಿತು ಹೇಳಬೇಕು. ಒಮ್ಮೆ ಹೇಳಿದರೆ ಸಾಲದು.

ಹೆತ್ತವರಲ್ಲಿ ಇನ್ನೊಂದು ಮಾತು. ಆ ಮನೆಯ ಚಿಕ್ಕ ಹುಡುಗಿಗೆ ನಾಯಿಯು ಅಜ್ಜನ ಮನೆಗೆ ಹೋಗಿದೆ ಎಂದು ಹೇಳಿದ್ದರು. ಅವಳು ಓಣಂ ರಜೆಯಲ್ಲಿ ಅಲ್ಲಿಗೆ ಹೋಗಿ ತೋಟವನ್ನೆಲ್ಲ ಹುಡುಕಿದಳು! ಸತ್ತದ್ದು ಮರಳಿ ಬಾರದೆಂಬುದು ಐದು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ತಿಳಿಯದು ನಿಜ. ಆದರೂ “ಸತ್ತಿತು, ಅದಕ್ಕೆ ಈಗ ನೋವಿಲ್ಲ, ಹಸಿವಿಲ್ಲ” ಎಂಬ ಸರಳವಾದ ಸತ್ಯವೇ ಲೇಸು. ಮಲಗಿಕೊಂಡಿದೆ ಎಂದಂತೂ ಹೇಳಬಾರದು. ರಾತ್ರಿ ಮಲಗಲು ಮಗುವಿಗೆ ಅಂಜಿಕೆಯಾದೀತು.

ವಿದ್ಯಾರ್ಥಿಗಳೇ, ದುಃಖದಲ್ಲಿಯೂ ಎಚ್ಚರವು ಬೇಕಾದ ಸಂದರ್ಭವೊಂದಿದೆ. ನಾಯಿಯು ಕಾರಣ ತಿಳಿಯದೆ ಸತ್ತರೆ, ಅದರಲ್ಲಿಯೂ ಸ್ವಭಾವವು ಕೆಟ್ಟು ಜೊಲ್ಲು ಸುರಿಸಿ ಸತ್ತರೆ, ಅದನ್ನು ಅಪ್ಪಿಕೊಳ್ಳಬಾರದು, ಬರಿಗೈಯಿಂದ ಮುಟ್ಟಲೂ ಬಾರದು. ಹುಚ್ಚುನಾಯಿ ರೋಗದ ವಿಷವು ಜೊಲ್ಲಿನಲ್ಲಿರುತ್ತದೆ. ಅದು ಕಚ್ಚಿದ್ದರೆ, ಪರಚಿದ್ದರೆ ಅಥವಾ ಗಾಯವನ್ನು ನೆಕ್ಕಿದ್ದರೆ ಕೂಡಲೇ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು, ಪಶುವೈದ್ಯರಿಗೂ ತಿಳಿಸಬೇಕು. ರೋಗವು ತಲೆದೋರಿದ ಮೇಲೆ ಬದುಕುವುದು ತೀರ ವಿರಳ. ಹೂಳುವಾಗ ಬಾವಿಯಿಂದ ದೂರದಲ್ಲಿ, ನರಿಗಳು ಕೆದಕದಷ್ಟು ಆಳಕ್ಕೆ ಹೂಳತಕ್ಕದ್ದು.

ಬಾಲಕನು ಮರಳಿ ಬಂದ ವಾರ ಪ್ರಬಂಧದ ಅವಧಿಯಲ್ಲಿ ಬೊಳ್ಳನ ವಿಷಯವನ್ನೇ ಬರೆಯಲು ಹೇಳಿದೆವು. ಎರಡು ಪುಟ ತುಂಬ ಬರೆದನು. ಕಾಗುಣಿತದ ತಪ್ಪುಗಳು ಹಲವಿದ್ದುವು. ಕೆಂಪು ಮಸಿಯನ್ನು ಅಂದು ನಾವು ಮುಟ್ಟಲಿಲ್ಲ. ಆ ಮರಿಯನ್ನು ನೆರೆಮನೆಗೆ ಹಿಂದಕ್ಕೆ ಕೊಡುವಂತೆ ತಂದೆಯವರಿಗೆ ಹೇಳಿದೆವು, ಅವರೂ ಕೊಟ್ಟರು. ದೀಪಾವಳಿ ಕಳೆದ ಮೇಲೆ ಹುಡುಗನು ತಾನೇ ಹೋಗಿ ಅದನ್ನು ಕೇಳಿ ತಂದಿದ್ದಾನೆ. ಹೆಸರನ್ನು ಇನ್ನೂ ಇಟ್ಟಿಲ್ಲವಂತೆ.