ಹನ್ನೊಂದನೆಯ ವಚನಕ್ಕೆ ಮೊದಲು ಹತ್ತನೆಯದನ್ನು ಓದಿ

ಮಕ್ಕಳೇ, ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಸಭೆಗಳಲ್ಲಿ ವಾಗ್ದಾನದ ಚೀಟಿ ಕೊಡುತ್ತಾರಲ್ಲ, ನಿಮ್ಮಲ್ಲಿ ಎಷ್ಟೋ ಜನರ ಕೈಗೆ ಯೆರೆಮೀಯ 29:11 ಬಂದಿರುತ್ತದೆ. ದೇವರು ತನ್ನ ಜನಕ್ಕೆ ಹಿತವನ್ನೇ ಎಣಿಸಿದ್ದಾನೆ ಎಂಬ ಮಾತು ಅದು. ಪರೀಕ್ಷೆಗೆ, ಕೆಲಸಕ್ಕೆ, ವೀಸಾಕ್ಕೆ, ಮದುವೆಗೆ ಎಲ್ಲಕ್ಕೂ ಅದನ್ನೇ ಹಿಡಿದು ಪ್ರಾರ್ಥಿಸುತ್ತೀರಿ. ಬಿಡಿ ಎಂದು ನಾನು ಹೇಳುವುದಿಲ್ಲ. ಅದು ಯಾರಿಗೆ ಬರೆದ ಕಾಗದ ಎಂದು ತಿಳಿದು ಹಿಡಿಯಿರಿ.

ಕ್ರಿ.ಪೂ. 597ರಲ್ಲಿ ನೆಬೂಕದ್ನೆಚ್ಚರನು ಯೆರೂಸಲೇಮಿನ ಅರಸನನ್ನೂ ಕಮ್ಮಾರರನ್ನೂ ಬಡಗಿಗಳನ್ನೂ ಬಾಬಿಲೋನಿಗೆ ಸೆರೆಯೊಯ್ದ. ಯೆರೆಮೀಯ ಈ ಕಾಗದ ಬರೆದದ್ದು ಅವರಿಗೆ. ಅವರ ನಾಲಿಗೆಯ ಮೇಲಿದ್ದ ಪ್ರಶ್ನೆ ಒಂದೇ: ಊರಿಗೆ ಹಿಂತಿರುಗುವುದು ಯಾವಾಗ? ಕಾಗದ ಹೇಳುತ್ತದೆ, ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಸೆರೆಯಾಗಿಟ್ಟಿರುವ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದು. ಹತ್ತನೆಯ ವಚನಕ್ಕೆ ಬಂದರೆ ಎಪ್ಪತ್ತು ವರ್ಷದ ಲೆಕ್ಕ. ಮೂವತ್ತರ ಪ್ರಾಯದವನು ಅದನ್ನು ಕೇಳಿದಾಗ ಏನು ಅರ್ಥ ಮಾಡಿಕೊಂಡಿರಬೇಕು, ಯೋಚಿಸಿ. ತಾನು ಹಿಂತಿರುಗುವುದಿಲ್ಲ, ತನ್ನ ಮೊಮ್ಮಕ್ಕಳು ಹಿಂತಿರುಗಬಹುದು. ನಿಮ್ಮ ಚೀಟಿಯ ಮಾತು ಬರುವುದು ಇದಾದ ಮೇಲೆ.

ಹಿಂದಿನ ಅಧ್ಯಾಯವನ್ನೂ ಬಿಡಬೇಡಿ. ಅಲ್ಲಿ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ನಿಂತು, ಎಲ್ಲರ ಕಣ್ಣೆದುರು, ಬಾಬಿಲೋನಿಗೆ ತಲೆಬಾಗಬೇಕೆಂಬ ಗುರುತಾಗಿ ಯೆರೆಮೀಯ ಕೊರಳಿಗೆ ಹಾಕಿಕೊಂಡಿದ್ದ ನೊಗವನ್ನು ತೆಗೆದು ಮುರಿಯುತ್ತಾನೆ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ದೇವರ ಹೆಸರಿನಲ್ಲೇ ಸಾರುತ್ತಾನೆ. ಜನರಿಗೆ ಬೇಕಾಗಿದ್ದ ಮಾತು ಅದೇ ಆಗಿತ್ತು. ಆದರೆ ದೇವರು ಅವನನ್ನು ಕಳುಹಿಸಿರಲಿಲ್ಲ. ಅದೇ ವರ್ಷ ಅವನು ಸತ್ತ. ನನಗೆ ಸಂಕಟವಾಗುವುದು ಇಲ್ಲೇ. ಈಗ ಬೇಗ, ಈ ವರ್ಷವೇ, ನಿನಗೇ ಎಂದು 29:11ನ್ನು ಸಾರುವಾಗ ನಾವು ಓದುತ್ತಿರುವುದು ಯೆರೆಮೀಯನ ವಚನ, ಹೇಳುತ್ತಿರುವುದು ಹನನ್ಯನ ಮಾತು.

ಫಿಲಿಪ್ಪಿಯವರಿಗೆ 4:13 ಕೂಡ ಹೀಗೆಯೇ. ಪಂದ್ಯ ಗೆಲ್ಲುವ ಬಲ ಅಲ್ಲಿನ ವಿಷಯವಲ್ಲ. ಬೇಡಿ ಹಾಕಿಸಿಕೊಂಡ ಪೌಲ ಹಸಿವನ್ನೂ ಹೊಟ್ಟೆತುಂಬಿದ ದಿನವನ್ನೂ ಒಂದೇ ಮನಸ್ಸಿನಿಂದ ಎದುರಿಸಲು ಕಲಿತದ್ದನ್ನು ಅಲ್ಲಿ ಹೇಳುತ್ತಿದ್ದಾನೆ. ಪೌಲನಾಗಲಿ ಯೆರೆಮೀಯನಾಗಲಿ ಈ ಅಂಕಿಗಳನ್ನು ಹಾಕಿದವರಲ್ಲ. ಹೊಸ ಒಡಂಬಡಿಕೆಯಲ್ಲಿ ನಾವು ಇಂದು ಬಳಸುವ ವಚನಸಂಖ್ಯೆಗಳನ್ನು ರೋಬೇರ್ ಎಸ್ತಿಯೆನ್ ಎಂಬ ಮುದ್ರಕ ಹಾಕಿದ್ದು 1551ರಲ್ಲಿ. ಹುಡುಕಲು ಅವು ಬೇಕು, ನಿಜ. ಓದಲು ಕೂತಾಗ ಮಾತ್ರ ಆ ಅಂಕಿ ಬಂದಲ್ಲೆಲ್ಲ ನಿಲ್ಲಬೇಡಿ. ಪತ್ರವಾದರೆ ಪತ್ರದಂತೆ, ಮೊದಲಿಂದ ಕೊನೆವರೆಗೆ ಓದಿ. ಯಾರು, ಯಾರಿಗೆ, ಯಾವ ಕಷ್ಟದಲ್ಲಿ ಬರೆದರು ಎಂದು ಕೇಳಿಕೊಳ್ಳಿ. ಅನಂತರ ನಿಮ್ಮ ಬದುಕಿಗೆ ತನ್ನಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾಳೆ ನೀವೇ ಆಸ್ಪತ್ರೆಯ ವಾರ್ಡಿಗೆ ಹೋಗಿ ವಾಸಿಯಾಗದ ಕಾಯಿಲೆಯವರ ಮಂಚದ ಪಕ್ಕ ಕೂರುತ್ತೀರಿ. ಬೇಗ ಗುಣವಾಗುತ್ತದೆ ಎಂದು ಈ ವಚನ ತೋರಿಸಿ ಬಂದರೆ, ಗುಣವಾಗದ ದಿನ ಅವರು ತಮ್ಮ ನಂಬಿಕೆಯೇ ಸಾಲದಾಯಿತು ಎಂದು ಕೊರಗುತ್ತಾರೆ. ಅವಸರ ಬೇಡ. ಆ ಕಾಗದವನ್ನೇ ಪೂರ್ತಿ ಓದಿ ಹೇಳಿ. ಎಪ್ಪತ್ತು ವರ್ಷದ ಸೆರೆಯಲ್ಲೂ ದೇವರು ತನ್ನ ಜನರ ವಿಳಾಸ ಮರೆಯಲಿಲ್ಲ ಎಂಬುದು ಅವರ ಕಿವಿಗೆ ಬೀಳಲಿ.